ಕಡಲ ಮೇಲೆ ನಿಂತವರು

2021ರ ಮೇ ತಿಂಗಳ ತೌಕ್ತೆ ಚಂಡಮಾರುತವನ್ನು ನಮ್ಮ ಕರಾವಳಿಯವರು ಮರೆತಿಲ್ಲ. ಒಂದು ಕಡೆ ಕೊರೊನಾ, ಲಾಕ್‌ಡೌನ್. ಇನ್ನೊಂದು ಕಡೆ ಮನೆಯಂಗಳಕ್ಕೇ ನುಗ್ಗುವ ಸಮುದ್ರ. ಆ ಗಲಾಟೆಯ ನಡುವೆ ಕೋರಮಂಡಲ್ ಸಪೋರ್ಟರ್ ಎಂಬ ಟಗ್ ಬೋಟ್ (ದೊಡ್ಡ ಹಡಗುಗಳನ್ನು ಎಳೆಯುವ ಬೋಟು) ಮೂಲ್ಕಿ, ಕಾಪು ಕಡೆಯ ಕಡಲಿನಲ್ಲಿ ಬಂಡೆಗೆ ಸಿಕ್ಕಿಕೊಂಡಿತು. ಒಳಗೆ 9 ಜನ. ಹತ್ತಿರ ಹೋಗಲು ಅಲೆ ಬಿಡುತ್ತಿರಲಿಲ್ಲ. ಮೇ 17ರಂದು ಕೋಸ್ಟ್ ಗಾರ್ಡ್ ಹಡಗು ಮತ್ತು ನೌಕಾಪಡೆಯ ಹೆಲಿಕಾಪ್ಟರ್ ಸೇರಿ ಒಂಬತ್ತೂ ಜನರನ್ನು ಪಾರು ಮಾಡಿದವು.

ಅದರ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿತ್ತು. ನಮ್ಮ ಮನೆಯಲ್ಲಿ ಅದನ್ನು ಜಾಸ್ತಿ ನೋಡಿದ್ದು ಅಕ್ಕನ ಮಗಳು. ಆಗ ಏಳನೇ ಕ್ಲಾಸು. ಎಲ್ಲರ ಕಣ್ಣು ಹಗ್ಗದಲ್ಲಿ ನೇತಾಡುವವರ ಮೇಲಿದ್ದರೆ ಅವಳು ಮಾತ್ರ ಬೇರೆಯದನ್ನೇ ಕೇಳಿದಳು. "ಚಿಕ್ಕಮ್ಮ, ಇಷ್ಟು ಗಾಳಿಗೆ ಆ ಹೆಲಿಕಾಪ್ಟರನ್ನ ಅಲ್ಲಾಡದ ಹಾಗೆ ಹಿಡಿದಿರೋರು ಯಾರು?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನೂ ಓದತೊಡಗಿದೆ. ಓದಿದಷ್ಟೂ ಕಡಲಿನ ಮೇಲೆ ಜೀವ ಉಳಿಸುವ ಪೈಲಟ್‌ಗಳ ಈ ಕೆಲಸದ ಮೇಲೆ, ಅದನ್ನು ಮಾಡುವ ಹೆಣ್ಣುಮಕ್ಕಳ ಮೇಲೆ ಗೌರವ ಹೆಚ್ಚಿತು. ಅದರ ಜೊತೆಗೆ ಒಂದು ಸಿಟ್ಟೂ ಹುಟ್ಟಿಕೊಂಡಿತು. ಎರಡನ್ನೂ ಇಲ್ಲಿ ಬರೆಯುತ್ತೇನೆ.

ಮೊದಲು ಕೆಲಸದ ವಿಷಯ. ಹೆಲಿಕಾಪ್ಟರನ್ನು ಹಾರಿಸುವುದಕ್ಕಿಂತ ಒಂದೇ ಜಾಗದಲ್ಲಿ ನಿಲ್ಲಿಸುವುದು ಕಷ್ಟ. ಪೈಲಟ್‌ನ ಎಡಗೈಯ ಹಿಡಿಕೆ ಅದನ್ನು ಮೇಲೆ ಕೆಳಗೆ ಮಾಡುತ್ತದೆ. ಬಲಗೈಯ ಕೋಲು ಹಿಂದೆ ಮುಂದೆ, ಅಕ್ಕ ಪಕ್ಕ ವಾಲಿಸುತ್ತದೆ. ಎರಡು ಪಾದಗಳ ಕೆಳಗಿನ ಪೆಡಲ್‌ಗಳು ಮೂತಿಯನ್ನು ತಿರುಗಿಸುತ್ತವೆ. ಒಂದನ್ನು ಚೂರು ಮುಟ್ಟಿದರೂ ಉಳಿದವನ್ನು ಸರಿಮಾಡಬೇಕು. ಹೀಗಾಗಿ ನೆಟ್ಟಗೆ ನಿಂತಂತೆ ಕಾಣುವ ಹೆಲಿಕಾಪ್ಟರಿನ ಒಳಗೆ ಎರಡು ಕೈ, ಎರಡು ಕಾಲು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಆದರೆ ಆ ಚಲನೆಗಳೆಲ್ಲ ಬಹಳ ಸಣ್ಣವು. ತೋಳ್ಬಲ ಹಾಕಿ ಎಳೆದರೆ ಹೆಲಿಕಾಪ್ಟರ್ ತೂಗಾಡಲು ಶುರುಮಾಡುತ್ತದೆ. ಅದಕ್ಕೇ ಮುಂಗೈಯನ್ನು ತೊಡೆಯ ಮೇಲೆ ಊರಿ, ಬೆರಳಲ್ಲೇ ಹಿಡಿದು ಹಾರಿಸಲು ಕಲಿಸುತ್ತಾರೆ. ಹೆಣ್ಣುಮಕ್ಕಳಿಗೆ ಅಷ್ಟು ಶಕ್ತಿ ಎಲ್ಲಿ ಎಂದು ಕೇಳುವವರಿಗೆ ಇದನ್ನು ಹೇಳಬೇಕು ಅನ್ನಿಸುತ್ತದೆ.

ಇನ್ನು ಕೆಳಗೆ ನೀರಿನಲ್ಲಿ ಮನುಷ್ಯ ಇದ್ದಾನೆ ಅಂದುಕೊಳ್ಳಿ. ಅವನ ನೆತ್ತಿಯ ಮೇಲೆ ಬಂದು ನಿಂತ ಮೇಲೆ ಪೈಲಟ್‌ಗೆ ಅವನು ಕಾಣುವುದೇ ಇಲ್ಲ. ಅವನು ಇರುವುದು ಹೊಟ್ಟೆಯ ಕೆಳಗೆ. ಕಾಣುವುದು ಬಾಗಿಲ ಬಳಿ ಮಂಡಿಯೂರಿ, ಹೊರಗೆ ಬಾಗಿ, ವಿಂಚ್ (ಹಗ್ಗ ಇಳಿಸಿ ಎತ್ತುವ ಯಂತ್ರ) ನಡೆಸುತ್ತಿರುವ ಸಿಬ್ಬಂದಿಗೆ ಮಾತ್ರ. ಪೈಲಟ್ ಆ ದನಿಯನ್ನು ಕೇಳಿಕೊಂಡೇ ಹಾರಿಸಬೇಕು. "ಮುಂದೆ ಇಪ್ಪತ್ತು ಅಡಿ. ಹತ್ತು. ಐದು. ಬಲಕ್ಕೆ ಸ್ವಲ್ಪ. ನಿಲ್ಲಿಸಿ." ಹೀಗೆ. ವಿಂಚ್ ಬಲಬಾಗಿಲಿನಲ್ಲಿರುತ್ತದೆ. ಆದ್ದರಿಂದ ಎತ್ತುವ ಹೊತ್ತಿನಲ್ಲಿ ಸಾಮಾನ್ಯವಾಗಿ ಬಲಗಡೆ ಕೂತವರ ಕೈಯಲ್ಲೇ ಹೆಲಿಕಾಪ್ಟರ್ ಇರುತ್ತದೆ. ಪಕ್ಕದ ಪೈಲಟ್ ಎತ್ತರ, ಎಂಜಿನ್, ಇಂಧನ ಇವುಗಳ ಮೇಲೆ ಕಣ್ಣಿಟ್ಟಿರುತ್ತಾರೆ.

ರಾತ್ರಿಯಾದರೆ ಕಥೆಯೇ ಬೇರೆ. ಆಕಾಶ ಯಾವುದು, ನೀರು ಯಾವುದು ಗೊತ್ತಾಗುವುದಿಲ್ಲ. ರೆಕ್ಕೆಯ ಗಾಳಿಗೆ ಉಪ್ಪುನೀರು ಎದ್ದು ಗಾಜಿಗೆ ಬಡಿಯುತ್ತದೆ. ದೀಪದ ಬೆಳಕಿನಲ್ಲಿ ಕಾಣುವ ಅಲೆಯನ್ನೇ ದಿಟ್ಟಿಸುತ್ತಾ ಕೂತರೆ, ಓಡುತ್ತಿರುವುದು ಅಲೆಯೋ ನಾವೋ ಎಂಬುದೇ ಗೊಂದಲ. ಅಲೆಯ ಜೊತೆ ಸರಿದು ಹೋಗುತ್ತಿದ್ದೇವೆ ಎಂಬುದು ಗೊತ್ತೇ ಆಗದಿರಬಹುದು. ಆಗ ತನ್ನ ದೇಹ ಹೇಳುವುದನ್ನು ನಂಬದೆ ಮುಂದಿರುವ ಮೀಟರುಗಳನ್ನು ನಂಬಬೇಕು. ಇದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಅದೇ ಕತ್ತಲೆಯಲ್ಲಿ, ಅದೇ ಕಡಲಿನ ಮೇಲೆ, ವರ್ಷಗಟ್ಟಲೆ ಹಾರಿ ಬರಬೇಕು.

ಇನ್ನೊಂದು ಸಣ್ಣ ವಿವರ ನನ್ನ ತಲೆಯಲ್ಲಿ ಹಾಗೇ ಉಳಿದಿದೆ. ತಿರುಗುವ ರೆಕ್ಕೆ ಗಾಳಿಯನ್ನು ಉಜ್ಜಿ ಉಜ್ಜಿ ಹೆಲಿಕಾಪ್ಟರಿನ ಮೈಯಲ್ಲಿ ವಿದ್ಯುತ್ ಸೇರಿಕೊಳ್ಳುತ್ತದೆ. ಜನರನ್ನು ಎತ್ತಲು ಕೆಳಗಿಳಿಸುವ ಬುಟ್ಟಿಯನ್ನು ಅದು ಬರುತ್ತಿದ್ದಂತೆ ಹಿಡಿದುಕೊಂಡರೆ ಶಾಕ್ ಹೊಡೆಯುತ್ತದೆ. ಅದಕ್ಕೆ ಮೊದಲು ಬುಟ್ಟಿ ನೀರಿಗೋ ಹಡಗಿನ ಮೈಗೋ ತಾಗಬೇಕು, ಆಮೇಲೆ ಮುಟ್ಟಬೇಕು. ಮುಳುಗುತ್ತಿರುವವನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು ಹೇಳಿ. ಹಾಗಾಗಿ ಬುಟ್ಟಿ ಎಲ್ಲಿ ಇಳಿಯಬೇಕು ಎಂಬುದನ್ನೂ ಮೇಲಿದ್ದವರೇ ಲೆಕ್ಕ ಹಾಕಬೇಕು.

ಇದೆಲ್ಲ ನಡೆಯುವಾಗ ಇಂಧನ ಖಾಲಿಯಾಗುತ್ತಲೇ ಇರುತ್ತದೆ. ಅಮೆರಿಕದ ಕೋಸ್ಟ್ ಗಾರ್ಡ್ ಬಳಸುವ ಜೇಹಾಕ್ ಹೆಲಿಕಾಪ್ಟರ್ ದಡದಿಂದ 300 ನಾಟಿಕಲ್ ಮೈಲಿ, ಅಂದರೆ ಸುಮಾರು 550 ಕಿ.ಮೀ. ಹೋಗಿ, ಅಲ್ಲಿ 45 ನಿಮಿಷ ಕೆಲಸ ಮಾಡಿ ವಾಪಸ್ ಬರಬಲ್ಲದು. ಆ ಲೆಕ್ಕ ಮೀರಿ ಅಲ್ಲೇ ನಿಂತರೆ ಎಲ್ಲರೂ ನೀರುಪಾಲಾಗಬಹುದು. ಕೆಳಗೆ ಇನ್ನೂ ಜನ ಇರುವಾಗ "ಸಾಕು, ಹೊರಡೋಣ" ಎನ್ನಬೇಕಾದವರು ಪೈಲಟ್. ಈ ಕೆಲಸದಲ್ಲಿ ನನ್ನ ಎದೆಗೆ ಹೆಚ್ಚು ಭಾರವಾಗಿ ಕಂಡದ್ದು ಈ ನಿರ್ಧಾರ.

ಅಮೆರಿಕದ ಕೋಸ್ಟ್ ಗಾರ್ಡ್‌ನಲ್ಲಿ ಪೈಲಟ್ ಆದ ಮೊದಲ ಮಹಿಳೆ ಜಾನಾ ಲ್ಯಾಂಬೈನ್. ಕಾಲೇಜಿನಲ್ಲಿ ಓದಿದ್ದು ಭೂವಿಜ್ಞಾನ. 1977ರ ಮಾರ್ಚ್ 4ರಂದು ಫ್ಲಾರಿಡಾದಲ್ಲಿ ನೌಕಾಪಡೆಯ ತರಬೇತಿ ಮುಗಿಸಿ ಹೆಲಿಕಾಪ್ಟರ್ ಪೈಲಟ್ ಆದರು. ಕುತೂಹಲದ ವಿಷಯ ಏನೆಂದರೆ, ನಮ್ಮ ದೇಶದಲ್ಲಿ ಕೋಸ್ಟ್ ಗಾರ್ಡ್ ಎಂಬುದು ಶುರುವಾದದ್ದೇ ಅದೇ ವರ್ಷ ಫೆಬ್ರವರಿ 1ರಂದು. ನಮ್ಮದು ಹುಟ್ಟಿದ ಮರುತಿಂಗಳೇ ಅಲ್ಲೊಬ್ಬಳು ರೆಕ್ಕೆ ಕಟ್ಟಿಕೊಂಡಿದ್ದಳು.

ಲ್ಯಾಂಬೈನ್ ಅವರಿಗೆ ಸಿಕ್ಕಿದ್ದು ಒರೆಗಾನ್ ರಾಜ್ಯದ ಆಸ್ಟೋರಿಯಾ ಎಂಬ ಊರು. ಸುಲಭದ ಜಾಗವಲ್ಲ. ಕೊಲಂಬಿಯಾ ನದಿ ಪೆಸಿಫಿಕ್ ಸಾಗರ ಸೇರುವುದು ಅಲ್ಲಿ. ಅಳಿವೆ ಬಾಗಿಲು ಎಂದರೆ ಏನು ಎಂದು ಮಲ್ಪೆ, ಗಂಗೊಳ್ಳಿ, ಬೆಂಗ್ರೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಒಳಗಿನಿಂದ ನದಿ ತಳ್ಳುತ್ತದೆ, ಹೊರಗಿನಿಂದ ಕಡಲು ತಳ್ಳುತ್ತದೆ, ನಡುವೆ ಮರಳ ದಿಬ್ಬ. ಅಲ್ಲಿಯದು ಅದರಲ್ಲೂ ಭಯಂಕರ ಅಳಿವೆ. ಪೆಸಿಫಿಕ್‌ನ ಸ್ಮಶಾನ ಎಂದೇ ಅದಕ್ಕೆ ಹೆಸರು.

ಮರುವರ್ಷ, 1978ರಲ್ಲಿ, ಅಮೆರಿಕದ ಕೋಸ್ಟ್ ಗಾರ್ಡ್ ಒಂದು ದೊಡ್ಡ ತೀರ್ಮಾನ ಮಾಡಿತು. ಹೆಣ್ಣು ಎಂಬ ಕಾರಣಕ್ಕೆ ಯಾವ ಕೆಲಸವನ್ನೂ ನಿರಾಕರಿಸುವಂತಿಲ್ಲ ಎಂದಿತು. ಅಲ್ಲಿನ ಉಳಿದ ಸೇನಾಪಡೆಗಳು ಇಷ್ಟು ಹೇಳಲು ಇನ್ನೂ ಎಷ್ಟೋ ವರ್ಷ ತೆಗೆದುಕೊಂಡವು.

ಅದೇ ಆಸ್ಟೋರಿಯಾದಲ್ಲಿ ಮುಂದೆ ಕೆಲ್ಲಿ ಮೋಗ್ ಎಂಬವರಿದ್ದರು. ಇವರು ಮೊದಲಿಗೆ ಪೈಲಟ್ ಅಲ್ಲ, ಹೆಲಿಕಾಪ್ಟರಿನಿಂದ ನೀರಿಗಿಳಿಯುವ ರೆಸ್ಕ್ಯೂ ಸ್ವಿಮ್ಮರ್. 1986ರಲ್ಲಿ ಆ ತರಬೇತಿ ಮುಗಿಸಿದ ಕೋಸ್ಟ್ ಗಾರ್ಡ್‌ನ ಮೊದಲ ಮಹಿಳೆ. 1989ರ ಜನವರಿಯಲ್ಲಿ ಒಂದು ಯುದ್ಧವಿಮಾನ ಒರೆಗಾನ್ ಕರಾವಳಿಯಾಚೆ ಸಮುದ್ರಕ್ಕೆ ಬಿತ್ತು. ಅದರ ಪೈಲಟ್ ಪ್ಯಾರಾಶೂಟಿನ ಹಗ್ಗಗಳಲ್ಲಿ ಸಿಕ್ಕಿಕೊಂಡು, ಮೈಮುರಿದುಕೊಂಡು ನೀರಿನಲ್ಲಿದ್ದ. ಮೋಗ್ ಇಳಿದು, ಕೊರೆಯುವ ನೀರಿನಲ್ಲಿ ಒಂದೊಂದೇ ಹಗ್ಗ ಬಿಡಿಸಿ ಅವನನ್ನು ಮೇಲೆ ಕಳಿಸಿದರು. ಅವನ ಸ್ಥಿತಿ ಎಷ್ಟು ಗಂಭೀರವಾಗಿತ್ತೆಂದರೆ, ಇವರನ್ನು ಎತ್ತಿಕೊಳ್ಳುವಷ್ಟು ಹೊತ್ತೂ ಕಾಯುವಂತಿರಲಿಲ್ಲ. ಹೆಲಿಕಾಪ್ಟರ್ ಅವನನ್ನು ಹೊತ್ತುಕೊಂಡು ಹೊರಟಿತು. ಮೋಗ್ ಚಳಿಗಾಲದ ಸಾಗರದಲ್ಲಿ ಒಬ್ಬರೇ ಉಳಿದರು, ಇನ್ನೊಂದು ಹೆಲಿಕಾಪ್ಟರ್ ಬರುವ ತನಕ.

ಮುಂದೆ ಅವರು ಅಧಿಕಾರಿಯಾಗಿ, ಹೆಲಿಕಾಪ್ಟರ್ ಪೈಲಟ್ ಕೂಡ ಆದರು. ನೀರಿನಿಂದ ಮೇಲಕ್ಕೆ ನೋಡಿದ ಕಣ್ಣು ಮೇಲಿನಿಂದ ನೀರನ್ನು ನೋಡುವಾಗ ಎಷ್ಟೆಲ್ಲ ಕಂಡಿರಬೇಡ!

ಎಲ್ಲರೂ ವಾಪಸ್ ಬರಲಿಲ್ಲ. ಕೊಲೀನ್ ಕೇನ್ ಅಮೆರಿಕದ ಕೋಸ್ಟ್ ಗಾರ್ಡ್‌ನ ಮೂರನೇ ಮಹಿಳಾ ಪೈಲಟ್. ಹವಾಯಿಯಲ್ಲಿದ್ದರು. 1982ರ ಜನವರಿ 7ರ ನಸುಕಿನಲ್ಲಿ ಒಂದು ಮೀನುಗಾರಿಕೆ ಬೋಟಿನಿಂದ ಸಹಾಯದ ಕರೆ ಬಂತು. ಬೋಟಿನಲ್ಲಿ 7 ಜನ. ಹೊರಗೆ ಬಿರುಗಾಳಿ. ಕೇನ್ ಮತ್ತು ಇನ್ನಿಬ್ಬರು ಹೊರಟರು. ಮೊಲೊಕಾಯ್ ದ್ವೀಪದ ಬೆಟ್ಟದ ಮೈಗೆ ಹೆಲಿಕಾಪ್ಟರ್ ಬಡಿದು ಮೂವರೂ ತೀರಿಕೊಂಡರು. ಕೇನ್ ವಯಸ್ಸು 29. ವರ್ಜೀನಿಯಾದ ಯಾರ್ಕ್‌ಟೌನ್ ತರಬೇತಿ ಕೇಂದ್ರದ ಒಂದು ವಸತಿ ಕಟ್ಟಡಕ್ಕೆ ಈಗ ಅವರ ಹೆಸರಿದೆ.

ಏಳು ಜನ ಎಂದು ಓದಿದಾಗ ನನಗೆ ಸುವರ್ಣ ತ್ರಿಭುಜ ನೆನಪಾಯಿತು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೋಗಿ ಕಾಣೆಯಾದ ಬೋಟು. ಅದರಲ್ಲೂ ಏಳು ಮಂದಿ ಮೀನುಗಾರರು. ಹಡಗು, ವಿಮಾನ, ಹೆಲಿಕಾಪ್ಟರ್ ಎಲ್ಲ ಹುಡುಕಿದವು. 2019ರ ಮೇ ತಿಂಗಳಲ್ಲಿ ನೌಕಾಪಡೆಯ ನಿರೀಕ್ಷಕ್ ಹಡಗು ಮಹಾರಾಷ್ಟ್ರದ ಮಾಲ್ವಣ್ ಆಚೆ ಕಡಲ ತಳದಲ್ಲಿ ಬೋಟಿನ ಅವಶೇಷ ಪತ್ತೆ ಮಾಡಿತು. ಜನ ಸಿಗಲಿಲ್ಲ. ಆ ತಿಂಗಳುಗಳಲ್ಲಿ ಹೆಲಿಕಾಪ್ಟರ್ ಸದ್ದು ಕೇಳಿದರೆ ಸಾಕು, ಕಡಲ ಬದಿಯ ಮನೆಗಳಲ್ಲಿ ಎಲ್ಲರೂ ಹೊರಗೆ ಬಂದು ನೋಡುತ್ತಿದ್ದರು.

ನಮ್ಮ ಕಡೆಯ ಪೈಲಟ್‌ಗಳೂ ಜೀವ ಕೊಟ್ಟಿದ್ದಾರೆ. 2024ರ ಸೆಪ್ಟೆಂಬರ್ 2ರ ರಾತ್ರಿ ಗುಜರಾತಿನ ಪೋರಬಂದರ್ ಆಚೆ, ಹರಿಲೀಲಾ ಎಂಬ ಟ್ಯಾಂಕರ್ ಹಡಗಿನಲ್ಲಿ ಗಾಯಗೊಂಡಿದ್ದ ಒಬ್ಬ ನಾವಿಕನನ್ನು ತರಲು ಕೋಸ್ಟ್ ಗಾರ್ಡ್‌ನ ಧ್ರುವ್ ಹೆಲಿಕಾಪ್ಟರ್ ಹೋಗಿತ್ತು. ಧ್ರುವ್ ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾಗುವುದು. ಅದು ಸಮುದ್ರಕ್ಕೆ ಬಿತ್ತು. ನಾಲ್ವರಲ್ಲಿ ಒಬ್ಬರು ಮಾತ್ರ ಬದುಕಿದರು. ಒಬ್ಬ ಗಾಯಾಳುವಿಗಾಗಿ ನಾಲ್ಕು ಜನ ಆ ಕತ್ತಲೆಗೆ ಹೋಗಿದ್ದರು.

ಅಪಾಯದ ಕೆಲಸ ಅಂತಲೇ ಹೆಣ್ಣುಮಕ್ಕಳು ಬೇಡ ಎನ್ನುವವರು ಮೊದಲೂ ಇದ್ದರು, ಈಗಲೂ ಇದ್ದಾರೆ. ನನಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ಗಂಡುಮಕ್ಕಳ ಜೀವವೂ ಜೀವವೇ ಅಲ್ವಾ? ಅಪಾಯ ಕಡಿಮೆ ಮಾಡಬೇಕಾದರೆ ಯಂತ್ರ ಸರಿ ಇರಬೇಕು, ತರಬೇತಿ ಸರಿ ಇರಬೇಕು. ಯಾರ ಮಗಳನ್ನು ಮನೆಯಲ್ಲಿ ಕೂರಿಸಿದರೂ ಹೆಲಿಕಾಪ್ಟರ್ ಗಟ್ಟಿಯಾಗುವುದಿಲ್ಲ.

ಇನ್ನು ಯಾರೂ ಸುದ್ದಿ ಮಾಡದ ತೊಂದರೆಗಳು. ಹಾರುವವರ ಉಡುಪು, ತಣ್ಣೀರಿನಿಂದ ಕಾಪಾಡುವ ಸೂಟು, ಸೀಟು, ಪೆಡಲ್ ಎಲ್ಲವೂ ಮೊದಲಿಗೆ ಗಂಡಸಿನ ಅಳತೆಗೇ ಆದವು. ಮೈಗೆ ಅಂಟಿದಂತಿರುವ ಸೂಟಿನಲ್ಲಿ ಗಂಟೆಗಟ್ಟಲೆ ಕೂತಾಗ ಮೂತ್ರಕ್ಕೆ ಹೋಗಬೇಕೆಂದರೆ ಗಂಡಸರಿಗೆ ಜಿಪ್ ಇತ್ತು. ಹೆಂಗಸರಿಗೆ ಬಹಳ ಕಾಲ ಸರಿಯಾದ ವ್ಯವಸ್ಥೆ ಇರಲಿಲ್ಲ. ಅಮೆರಿಕದ ಸೇನಾ ವಿಮಾನಗಳ ಮಹಿಳಾ ಪೈಲಟ್‌ಗಳು ಹಾರುವ ದಿನ ನೀರನ್ನೇ ಕುಡಿಯದೆ ಇರುತ್ತಿದ್ದರಂತೆ. ರಾತ್ರಿ ಬಸ್ಸಿಗೆ ಹೊರಡುವಾಗ ಮಧ್ಯಾಹ್ನದಿಂದಲೇ ನೀರು ಬಿಡುವ ನಮ್ಮ ಹೆಂಗಸರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಆದರೆ ಬಸ್ಸಿನಲ್ಲಿ ಬರುವುದು ಬರೀ ತಲೆನೋವು. ಅಲ್ಲಿ ನೀರು ಕಡಿಮೆಯಾಗಿ ತಲೆ ಮಂಕಾದರೆ ಹೋಗುವುದು ಜೀವಗಳು. ಜಿಪ್ ಎಲ್ಲಿರಬೇಕು ಎಂಬುದೂ ಸುರಕ್ಷತೆಯ ಪ್ರಶ್ನೆ ಎಂದು ಒಪ್ಪಲು ದೊಡ್ಡ ದೊಡ್ಡ ಸಂಸ್ಥೆಗಳಿಗೆ ದಶಕಗಳೇ ಬೇಕಾದವು.

ಈಗ ನನ್ನ ಸಿಟ್ಟಿನ ವಿಷಯ.

ಅಕ್ಕನ ಮಗಳು ಈ ವರ್ಷ ಎರಡನೇ ಪಿಯುಸಿ. ಆ ವಿಡಿಯೋದ ಗುಂಗು ಇಳಿದಿಲ್ಲ, ಹೆಲಿಕಾಪ್ಟರ್ ಹಾರಿಸುತ್ತೇನೆ ಎನ್ನುತ್ತಿದ್ದಾಳೆ. ಅಜ್ಜಿಗೆ ಕತ್ತಲಿನ ಚಿಂತೆ. ಅಕ್ಕನಿಗೆ ಮದುವೆಯ ಚಿಂತೆ. ಭಾವ ಮಾತ್ರ ಒಂದೇ ಪ್ರಶ್ನೆ ಕೇಳಿದರು. "ಅದು ಎಷ್ಟು ವರ್ಷದ ನೌಕರಿ?" ಬ್ಯಾಂಕಿನಲ್ಲಿ ಕೆಲಸ ಮಾಡಿದವರು, ಹಾಗೆ ಕೇಳುವುದು ಅವರ ಸ್ವಭಾವ. ನನಗೆ ಅದು ಎಲ್ಲಕ್ಕಿಂತ ಸರಿಯಾದ ಪ್ರಶ್ನೆ ಅನ್ನಿಸಿತು.

ಯಾಕೆಂದರೆ ನಾವು ಮೊದಲ ದಿನವನ್ನು ಚೆನ್ನಾಗಿ ಆಚರಿಸುತ್ತೇವೆ. ಮೊದಲ ಮಹಿಳೆ, ಎದೆಯ ಮೇಲೆ ಬಂಗಾರದ ರೆಕ್ಕೆ, ಪಕ್ಕದಲ್ಲಿ ಅಪ್ಪ ಅಮ್ಮ, ಪತ್ರಿಕೆಯಲ್ಲಿ ಫೋಟೋ. ಹತ್ತನೇ ವರ್ಷ, ಹದಿನೈದನೇ ವರ್ಷ ಅವಳು ಎಲ್ಲಿದ್ದಾಳೆ ಎಂದು ಯಾರೂ ಕೇಳುವುದಿಲ್ಲ. ರಕ್ಷಣೆಯ ಪೈಲಟ್ ನಿಜವಾಗಿ ಪಳಗುವುದು ಆ ವರ್ಷಗಳಲ್ಲೇ. ಮೊದಲು ಪಕ್ಕದ ಸೀಟು. ಆಮೇಲೆ ಕ್ಯಾಪ್ಟನ್. ಆಮೇಲೆ ಬೇರೆಯವರಿಗೆ ಕಲಿಸುವವರು.

ಪ್ರಿಯಾಂಕಾ ತ್ಯಾಗಿ ಎಂಬ ಪೈಲಟ್ ನಮ್ಮ ಕೋಸ್ಟ್ ಗಾರ್ಡ್‌ನಲ್ಲಿ 2009ರಲ್ಲಿ ಸೇರಿದವರು. ಹಾರಿಸಿದ್ದು ಡಾರ್ನಿಯರ್ ವಿಮಾನ, ಹೆಲಿಕಾಪ್ಟರ್ ಅಲ್ಲ. ಆದರೆ ಕಾಯಕ ಅದೇ. ಕಡಲಿನ ಮೇಲೆ ಕಣ್ಣಿಡುವುದು, ಕಷ್ಟದಲ್ಲಿರುವವರನ್ನು ಹುಡುಕುವುದು. ಪೂರ್ವ ಕರಾವಳಿಯಲ್ಲಿ ಬರೀ ಮಹಿಳೆಯರೇ ಇದ್ದ ಮೊದಲ ಡಾರ್ನಿಯರ್ ತಂಡದಲ್ಲಿ ಅವರಿದ್ದರು. ಮುಂದೆ ಅವರು ಕೋರ್ಟಿಗೆ ಸಲ್ಲಿಸಿದ ಅರ್ಜಿಯ ಪ್ರಕಾರ 4,500 ಗಂಟೆ ಹಾರಾಟ, 300ಕ್ಕೂ ಹೆಚ್ಚು ಜೀವ ಉಳಿಸಿದ ಕೆಲಸ. ಆದರೆ ಅವರು ಸೇರಿದ್ದು ಅಲ್ಪಾವಧಿ ನೇಮಕಾತಿಯಲ್ಲಿ. ಗರಿಷ್ಠ 14 ವರ್ಷ. 2023ರ ಡಿಸೆಂಬರ್‌ಗೆ ಅವಧಿ ಮುಗಿಯಿತು, ಮನೆಗೆ ಹೋಗಿ ಎಂದಾಯಿತು.

14 ವರ್ಷ, 4,500 ಗಂಟೆ. ಕಡಲಿನ ಮೇಲೆ ಇಷ್ಟು ಅನುಭವ ಇರುವ ಒಬ್ಬರನ್ನು ತಯಾರು ಮಾಡಲು ದೇಶ ಎಷ್ಟು ಖರ್ಚು ಮಾಡಿರುತ್ತದೆ ಯೋಚಿಸಿ. ಹೊಸಬರಿಗೆ ಕಲಿಸುವ ಹೊತ್ತಿಗೆ ಸರಿಯಾಗಿ ಕಳಿಸಿಬಿಡುವುದು ಯಾವ ಲೆಕ್ಕ?

ಅವರು ನ್ಯಾಯಾಲಯಕ್ಕೆ ಹೋದರು. ಅಷ್ಟು ಹೊತ್ತಿಗಾಗಲೇ, 2020ರ ಫೆಬ್ರವರಿಯಲ್ಲಿ ಭೂಸೇನೆಯ, ಮಾರ್ಚ್‌ನಲ್ಲಿ ನೌಕಾಪಡೆಯ ಮಹಿಳೆಯರಿಗೆ ಕಾಯಂ ಸೇವೆಯ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗಿತ್ತು. ಕೋಸ್ಟ್ ಗಾರ್ಡ್ ಬೇರೆ ಥರದ ಸಂಸ್ಥೆ ಎಂಬುದು ಸರ್ಕಾರದ ವಾದ. 2024ರ ಫೆಬ್ರವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿದ್ದ ಪೀಠ ಇದನ್ನು ಒಪ್ಪಲಿಲ್ಲ. ಮಹಿಳೆಯರು ಗಡಿ ಕಾಯಬಹುದಾದರೆ ಕರಾವಳಿಯನ್ನೂ ಕಾಯಬಹುದು, ನಾರಿಶಕ್ತಿ ಎನ್ನುವವರು ಅದನ್ನು ಇಲ್ಲಿ ತೋರಿಸಿ ಎಂಬರ್ಥದ ಮಾತು ಆಡಿತು. ಏಪ್ರಿಲ್‌ನಲ್ಲಿ ಅವರನ್ನು ಸೇವೆಯಲ್ಲಿ ಮುಂದುವರಿಸುವಂತೆ ಮಧ್ಯಂತರ ಆದೇಶವೂ ಬಂತು.

ಆದೇಶ ಓದಿ ನನಗೆ ಸಮಾಧಾನವಾಯಿತು, ನಿಜ. ಆದರೆ ಕಡಲಿನ ಮೇಲೆ ಇರಬೇಕಾದ ಪೈಲಟ್ ವಕೀಲರ ಕಚೇರಿಗೆ ಅಲೆಯಬೇಕಾಯಿತಲ್ಲ ಎಂಬ ನೋವು ಹೋಗಲಿಲ್ಲ.

ಉಳಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ವಿವಿಯನ್ ಕ್ರೇ ಇದ್ದಾರೆ. ಅವರು ಅಮೆರಿಕದ ಕೋಸ್ಟ್ ಗಾರ್ಡ್‌ನ ಎರಡನೇ ಮಹಿಳಾ ಪೈಲಟ್, ಲ್ಯಾಂಬೈನ್ ಅವರ ಬೆನ್ನಿಗೇ ಬಂದವರು. ದೊಡ್ಡ ಸಿ-130 ವಿಮಾನವನ್ನೂ ಹಾರಿಸಿದರು, ಡಾಲ್ಫಿನ್ ಹೆಲಿಕಾಪ್ಟರನ್ನೂ ಹಾರಿಸಿದರು. ವಾಯುನೆಲೆಗಳ ಮುಖ್ಯಸ್ಥರಾದರು. 2006ರಲ್ಲಿ ಇಡೀ ಕೋಸ್ಟ್ ಗಾರ್ಡ್‌ನ ಎರಡನೇ ಅತಿ ದೊಡ್ಡ ಹುದ್ದೆಗೆ ಏರಿದರು. 14 ವರ್ಷಕ್ಕೆ ಮನೆಗೆ ಕಳಿಸಿದ್ದರೆ ಅವರ ಕಥೆ ಅದಕ್ಕಿಂತ ಎಷ್ಟೋ ಮೊದಲೇ ಮುಗಿಯುತ್ತಿತ್ತು.

ಹಿರಿಯರು ಉಳಿದರೆ ಕಿರಿಯರಿಗೆ ಕಾಣಲು ಒಂದು ಮುಖ ಸಿಗುತ್ತದೆ. ಜೀನಿನ್ ಮೆಕಿಂಟಾಷ್ 2005ರಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್‌ನ ಮೊದಲ ಕಪ್ಪು ಮಹಿಳಾ ಪೈಲಟ್ ಆದರು. ಐದು ವರ್ಷದ ನಂತರ, 2010ರಲ್ಲಿ, ಲಶಾಂಡಾ ಹೋಮ್ಸ್ ಮೊದಲ ಕಪ್ಪು ಮಹಿಳಾ ಹೆಲಿಕಾಪ್ಟರ್ ಪೈಲಟ್. ಹೋಮ್ಸ್ ಬಾಲ್ಯದಲ್ಲಿ ತಾಯಿಯನ್ನು ಕಳೆದುಕೊಂಡು ಸಾಕುಮನೆಗಳಲ್ಲಿ ಬೆಳೆದವರು. ತಮ್ಮ ದಾರಿಗೆ ಮೆಕಿಂಟಾಷ್ ಆಸರೆಯಾದುದನ್ನು ಅವರು ನೆನೆಯುತ್ತಾರೆ. ಸೇವೆಯಲ್ಲಿ ಇದ್ದವರು ಮಾತ್ರ ಹೀಗೆ ಕೈ ಹಿಡಿಯಬಲ್ಲರು.

ನಮ್ಮಲ್ಲೂ ಹೊಸ ಹೆಜ್ಜೆ ಬಿದ್ದಿದೆ. 2024ರ ಜೂನ್ 7ರಂದು ತಮಿಳುನಾಡಿನ ಅರಕ್ಕೋಣಂನಲ್ಲಿ, ಐಎನ್‌ಎಸ್ ರಾಜಾಲಿ ನೌಕಾ ವಾಯುನೆಲೆಯಲ್ಲಿ, ಸಬ್ ಲೆಫ್ಟಿನೆಂಟ್ ಅನಾಮಿಕಾ ಬಿ. ರಾಜೀವ್ ನೌಕಾಪಡೆಯ ಮೊದಲ ಮಹಿಳಾ ಹೆಲಿಕಾಪ್ಟರ್ ಪೈಲಟ್ ಆಗಿ ಹೊರಬಂದರು. ಅವರ ಫೋಟೋ ಎಲ್ಲ ಕಡೆ ಬಂತು, ಬರಲೇಬೇಕಿತ್ತು. ನನ್ನ ಲೆಕ್ಕ 2038ರದ್ದು. ಆಗ ಅವರಿಗೆ 14 ವರ್ಷದ ಅನುಭವ. ಆ ವರ್ಷ ಅವರು ಬಲಗಡೆ ಸೀಟಿನಲ್ಲಿ ಹೊಸಬರೊಬ್ಬರನ್ನು ಕೂರಿಸಿ, ತಾವು ಪಕ್ಕದಲ್ಲಿ ಕೂತು, ಮಳೆಗಾಲದ ರಾತ್ರಿಯ ಕಡಲಿನ ಮೇಲೆ ನಿಲ್ಲುವುದನ್ನು ಕಲಿಸುತ್ತಿರಬೇಕು. ಆಗ ಕೋಸ್ಟ್ ಗಾರ್ಡ್‌ನಲ್ಲೂ ಅಂಥ ಹೆಣ್ಣುಮಕ್ಕಳು ಇರಬೇಕು, ಒಬ್ಬರಲ್ಲ, ಹತ್ತಾರು ಜನ.